ಗೆಲ್ಲುವ ಕುದುರೆಯ ಪ್ರಶ್ನೆ: ಅಮೆರಿಕದ ಪ್ರೈಮರಿಗಳಲ್ಲಿ ಮುಂಚೂಣಿ ಅಭ್ಯರ್ಥಿ ಮತ್ತು ಗೆಲುವಿನ ಸಾಮರ್ಥ್ಯ

1. ಪ್ರಶ್ನೆ ಮತ್ತು ಪರಿಭಾಷೆ

ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ಪಕ್ಷದ ಹುರಿಯಾಳು ಯಾರೆಂದು ತೀರ್ಮಾನಿಸುವುದು ಪ್ರೈಮರಿ ಮತ್ತು ಕಾಕಸ್ ಎಂಬ ಒಳಚುನಾವಣೆಗಳು. ಚುನಾವಣಾ ವರ್ಷದ ಆರಂಭದಲ್ಲಿ ಮೊದಲಾಗುವ ಇವು ಜೂನ್‌ವರೆಗೆ ರಾಜ್ಯದಿಂದ ರಾಜ್ಯಕ್ಕೆ ಸಾಗುತ್ತವೆ. ಮೊದಲ ಮತ ಬೀಳುವುದಕ್ಕೆ ತಿಂಗಳುಗಳ ಮುನ್ನವೇ ಜನಮತ ಸಮೀಕ್ಷೆ, ದೇಣಿಗೆ ಮತ್ತು ಪಕ್ಷದ ಹಿರಿಯರ ಬೆಂಬಲಗಳಲ್ಲಿ ಮುಂದಿರುವ ಒಬ್ಬರು ಮುಂಚೂಣಿ ಅಭ್ಯರ್ಥಿ ಎನಿಸಿಕೊಳ್ಳುತ್ತಾರೆ. ಆ ಪಟ್ಟ ಸಿಕ್ಕ ಕೂಡಲೇ ಇನ್ನೊಂದು ಪ್ರಶ್ನೆ ಬೆನ್ನು ಹತ್ತುತ್ತದೆ: ಪಕ್ಷದೊಳಗೆ ಗೆಲ್ಲಲಿರುವ ಈ ವ್ಯಕ್ತಿ ನವೆಂಬರ್‌ನಲ್ಲಿ ಎದುರು ಪಕ್ಷವನ್ನೂ ಗೆಲ್ಲಬಲ್ಲರೇ?

ಟಿಕೆಟ್ ಹಂಚಿಕೆಯ ಕಾಲದಲ್ಲಿ ಕನ್ನಡ ಪತ್ರಿಕೆಗಳು ಬಳಸುವ ‘ಗೆಲ್ಲುವ ಕುದುರೆ’ ಎಂಬ ಮಾತಿನ ಹಿಂದಿರುವುದೂ ಇದೇ ಲೆಕ್ಕ. ಆದರೆ ಕರ್ನಾಟಕದಲ್ಲಿ ಆ ಲೆಕ್ಕ ಹಾಕುವುದು ಪಕ್ಷದ ವರಿಷ್ಠರು. ಅಮೆರಿಕದಲ್ಲಿ ಹಾಕಬೇಕಾದವರು ಸಾಮಾನ್ಯ ಮತದಾರರು. ರಾಜ್ಯಶಾಸ್ತ್ರಜ್ಞ ಅಲನ್ ಅಬ್ರಮೋವಿಟ್ಜ್ 1988ರ ಪ್ರೈಮರಿಯನ್ನು ಆಧರಿಸಿ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಪರಿಕಲ್ಪನೆಗಳನ್ನು ಬೇರೆಬೇರೆಯಾಗಿ ಪರಿಶೀಲಿಸಿದರು. ಪಕ್ಷದ ಉಮೇದುವಾರಿಕೆ ದಕ್ಕಿಸಿಕೊಳ್ಳುವ ಸಾಧ್ಯತೆ ಒಂದು, ಅದು ದಕ್ಕಿದ ಮೇಲೆ ಅಂತಿಮ ಚುನಾವಣೆ ಗೆಲ್ಲುವ ಸಾಮರ್ಥ್ಯ ಇನ್ನೊಂದು. ಮುಂಚೂಣಿ ಅಭ್ಯರ್ಥಿಗೆ ಮೊದಲನೆಯದು ಇದ್ದೇ ಇರುತ್ತದೆ. ವಾದ ಹುಟ್ಟುವುದು ಎರಡನೆಯದರ ಬಗ್ಗೆ.

ಈ ಎರಡನೆಯ ಸಾಮರ್ಥ್ಯವನ್ನು ಎತ್ತರ, ವಯಸ್ಸು, ಅನುಭವಗಳಂತೆ ಅಭ್ಯರ್ಥಿಯಲ್ಲೇ ನೆಲೆಸಿರುವ ಗುಣವೆಂದು ಭಾವಿಸುವುದು ರೂಢಿ. ದಾಖಲೆಗಳು ಅದನ್ನು ಬೆಂಬಲಿಸುವುದಿಲ್ಲ. ಅದು ಬಹುಮಟ್ಟಿಗೆ ಮತದಾರರು ಇತರ ಮತದಾರರ ಬಗ್ಗೆ ಮಾಡುವ ಊಹೆ. ವಾದ ನಡೆಯುವ ಹೊತ್ತಿಗೆ ಆ ಊಹೆಯನ್ನು ಪರೀಕ್ಷಿಸುವ ಸಾಧನ ಯಾರ ಕೈಯಲ್ಲೂ ಇರುವುದಿಲ್ಲ.

2. ವಾದದ ಹುಟ್ಟು: 1968ರಿಂದ 1972

1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೇ ಒಂದು ಪ್ರೈಮರಿಯಲ್ಲೂ ಸ್ಪರ್ಧಿಸದೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾದರು. ಆ ವರ್ಷದ ಷಿಕಾಗೋ ಅಧಿವೇಶನದ ಗಲಭೆಯ ನಂತರ ನೇಮಕಗೊಂಡ ಮೆಕ್‌ಗವರ್ನ್–ಫ್ರೇಸರ್ ಆಯೋಗ ಆಯ್ಕೆಯ ಅಧಿಕಾರವನ್ನು ಮುಖಂಡರಿಂದ ಮತದಾರರತ್ತ ಸರಿಸಿತು. ‘ಯಾರು ಗೆಲ್ಲುತ್ತಾರೆ’ ಎಂದು ಹಿಂದೆ ಮುಚ್ಚಿದ ಕೋಣೆಯಲ್ಲಿ ಹಾಕುತ್ತಿದ್ದ ಲೆಕ್ಕ ಬಹಿರಂಗ ಚರ್ಚೆಯ ವಸ್ತುವಾದದ್ದು ಅಂದಿನಿಂದ.

ಹೊಸ ನಿಯಮದ ಮೊದಲ ಚುನಾವಣೆಯಲ್ಲೇ ಮುಂಚೂಣಿ ಅಭ್ಯರ್ಥಿ ಮುಗ್ಗರಿಸಿದರು. ಮೇನ್ ರಾಜ್ಯದ ಸೆನೆಟರ್ ಎಡ್ಮಂಡ್ ಮಸ್ಕಿ 1971ರ ಆರಂಭದ ಕೆಲವು ಸಮೀಕ್ಷೆಗಳಲ್ಲಿ ಅಧ್ಯಕ್ಷ ರಿಚರ್ಡ್ ನಿಕ್ಸನ್ ಅವರನ್ನೇ ಹಿಂದಿಕ್ಕಿದ್ದರು. ಅವರ ದೊಡ್ಡ ಬಂಡವಾಳವೇ ಗೆಲ್ಲಬಲ್ಲವರೆಂಬ ನಂಬಿಕೆ. 1972ರ ಫೆಬ್ರುವರಿ 26ರಂದು ನ್ಯೂ ಹ್ಯಾಂಪ್‌ಶೈರ್‌ನ ಮ್ಯಾಂಚೆಸ್ಟರ್‌ನಲ್ಲಿ, ತಮ್ಮ ಹೆಂಡತಿಯ ಬಗ್ಗೆ ಹಗುರವಾಗಿ ಬರೆದಿದ್ದ ಪತ್ರಿಕೆಯ ಕಚೇರಿಯ ಎದುರು ಲಾರಿಯೊಂದರ ಮೇಲೆ ನಿಂತು ಅವರು ಮಾತನಾಡಿದರು. ಹಿಮ ಬೀಳುತ್ತಿತ್ತು, ಗಂಟಲು ಕಟ್ಟಿತು. ಅತ್ತರೆಂದು ವರದಿಗಾರರು ಬರೆದರು. ಕೆನ್ನೆಯ ಮೇಲಿದ್ದದ್ದು ಕರಗಿದ ಹಿಮವೆಂದು ಮಸ್ಕಿ ಹೇಳಿದರು. ಅವರನ್ನು ಅಲ್ಲಿಗೆ ಎಳೆದು ತಂದದ್ದರಲ್ಲಿ ಒಂದು ಖೊಟ್ಟಿ ಪತ್ರದ ಪಾಲೂ ಇತ್ತು. ಅದು ನಿಕ್ಸನ್ ಪಾಳಯದ ಕುತಂತ್ರವೆಂದು ವಾಟರ್‌ಗೇಟ್ ಕಾಲದ ವರದಿಗಳು ಮುಂದೆ ಹೇಳಿದವು. ಮಾರ್ಚ್ 7ರಂದು ಮಸ್ಕಿ ಶೇ. 46 ಮತ ಪಡೆದು ಪ್ರತಿಸ್ಪರ್ಧಿ ಜಾರ್ಜ್ ಮೆಕ್‌ಗವರ್ನ್ ಅವರ ಶೇ. 37ಕ್ಕಿಂತ ಮುಂದಿದ್ದರೂ, ನಿರೀಕ್ಷೆಗೆ ಕಡಿಮೆಯಾದ ಆ ಗೆಲುವನ್ನು ಸೋಲೆಂದೇ ಬಗೆಯಲಾಯಿತು. ಗೆಲ್ಲುತ್ತಾರೆಂಬ ಒಂದೇ ಕಾರಣಕ್ಕೆ ಬಂದ ಬೆಂಬಲ, ಗೆಲುವು ಅನುಮಾನವಾದ ದಿನವೇ ಕರಗುತ್ತದೆ.

ಉಮೇದುವಾರಿಕೆ ಪಡೆದ ಮೆಕ್‌ಗವರ್ನ್ ನವೆಂಬರ್‌ನಲ್ಲಿ 50ರಲ್ಲಿ 49 ರಾಜ್ಯಗಳನ್ನು ಕಳೆದುಕೊಂಡರು. ಎಡಕ್ಕೆ ವಾಲಿದ ಅಭ್ಯರ್ಥಿ ಗೆಲ್ಲಲಾರ ಎಂಬ ವಾದಕ್ಕೆ ಇಂದಿಗೂ ಇದೇ ಮೊದಲ ಸಾಕ್ಷಿ. ಆದರೆ ಅದೇ ವರ್ಷ ಆರ್ಥಿಕತೆ ಚೇತರಿಸಿಕೊಂಡು ನಿಕ್ಸನ್‌ಗೆ ಅನುಕೂಲವಾಗಿತ್ತು. ಉಪಾಧ್ಯಕ್ಷ ಸ್ಥಾನಕ್ಕೆ ಆಯ್ಕೆಯಾಗಿದ್ದ ಥಾಮಸ್ ಈಗಲ್ಟನ್ ಅವರನ್ನು ಮೂರು ವಾರದೊಳಗೆ ಕೈಬಿಡಬೇಕಾಗಿ ಬಂದಿತ್ತು. ಈ ಕಾರಣಗಳಲ್ಲಿ ಯಾವುದರ ತೂಕ ಎಷ್ಟು ಎಂಬುದನ್ನು ಒಂದೇ ಚುನಾವಣೆಯಿಂದ ಬಿಡಿಸಿ ಹೇಳಲಾಗದು.

3. ಹೊವರ್ಡ್ ಡೀನ್: 2003–04

ಈ ವಾದದ ಎಲ್ಲ ಮುಖಗಳೂ ಒಟ್ಟಿಗೆ ಕಾಣುವುದು ಹೊವರ್ಡ್ ಡೀನ್ ಪ್ರಸಂಗದಲ್ಲಿ. ವೃತ್ತಿಯಿಂದ ವೈದ್ಯರಾದ ಡೀನ್ 1991ರಿಂದ 2003ರ ಆರಂಭದವರೆಗೆ ವರ್ಮಾಂಟ್ ಎಂಬ ಪುಟ್ಟ ರಾಜ್ಯದ ಗವರ್ನರ್ ಆಗಿದ್ದರು. ಪ್ರತಿಸ್ಪರ್ಧಿಗಳಾದ ಜಾನ್ ಕೆರಿ, ಜಾನ್ ಎಡ್ವರ್ಡ್ಸ್, ರಿಚರ್ಡ್ ಗೆಫಾರ್ಟ್ ಮತ್ತು ಜೋ ಲೀಬರ್‌ಮನ್ 2002ರ ಅಕ್ಟೋಬರ್‌ನಲ್ಲಿ ಇರಾಕ್ ಯುದ್ಧಾಧಿಕಾರದ ಪರ ಮತ ಹಾಕಿದ್ದರೆ, ಡೀನ್ ಯುದ್ಧವನ್ನು ನೇರವಾಗಿ ವಿರೋಧಿಸಿದರು. ಅಂತರ್ಜಾಲದ ಮೂಲಕ ಸಣ್ಣಸಣ್ಣ ದೇಣಿಗೆ ಕೂಡಿಸಿ 2003ರ ಮೂರನೆಯ ತ್ರೈಮಾಸಿಕ ಒಂದರಲ್ಲೇ ಸುಮಾರು 1.5 ಕೋಟಿ ಡಾಲರ್ ಸಂಗ್ರಹಿಸಿದರು. ಆ ವರ್ಷದ ಡಿಸೆಂಬರ್ 9ರಂದು ಮಾಜಿ ಉಪಾಧ್ಯಕ್ಷ ಆಲ್ ಗೋರ್ ಬೆಂಬಲ ಘೋಷಿಸಿದಾಗ ಅವರ ಆಯ್ಕೆ ಹೆಚ್ಚುಕಡಿಮೆ ಖಚಿತವೆಂದೇ ಹಲವರು ಭಾವಿಸಿದರು.

ಗೆಲುವಿನ ಸಾಮರ್ಥ್ಯದ ಚರ್ಚೆ ಕಾವೇರಿದ್ದೂ ಆಗಲೇ. ಡೀನ್ ವಿರೋಧಿಗಳು ಮೂರು ವಾದ ಮುಂದಿಟ್ಟರು: ಯುದ್ಧವಿರೋಧಿ ನಿಲುವು ದಕ್ಷಿಣ ಮತ್ತು ಮಧ್ಯಪಶ್ಚಿಮದ ಮತದಾರರಿಗೆ ರುಚಿಸದು, 2000ದಲ್ಲಿ ಸಲಿಂಗಿ ಜೋಡಿಗಳ ನಾಗರಿಕ ಒಕ್ಕೂಟದ ಕಾಯಿದೆಗೆ ಅವರು ಹಾಕಿದ ಸಹಿ ಎದುರಾಳಿಗಳ ಅಸ್ತ್ರವಾಗುತ್ತದೆ, ವಿದೇಶಾಂಗ ವ್ಯವಹಾರದಲ್ಲಿ ಅವರಿಗೆ ಅನುಭವವಿಲ್ಲ. ಡಿಸೆಂಬರ್ 13ರಂದು ಸದ್ದಾಂ ಹುಸೇನ್ ಸೆರೆಯಾದರು. ಇದರಿಂದ ಅಮೆರಿಕ ಹೆಚ್ಚು ಸುರಕ್ಷಿತವಾಗಿಲ್ಲ ಎಂದು ಡೀನ್ ಹೇಳಿದ್ದು ಈ ಆತಂಕವನ್ನು ಹೆಚ್ಚಿಸಿತು. ಬೆಂಬಲಿಗರ ಉತ್ತರವೂ ಗಟ್ಟಿಯಾಗಿತ್ತು: ಗವರ್ನರ್ ಆಗಿ ಅವರು ಆಯವ್ಯಯವನ್ನು ಸರಿದೂಗಿಸಿದವರು, ಬಂದೂಕು ಹಕ್ಕಿನ ವಿಷಯದಲ್ಲಿ ಮಧ್ಯಮ ಮಾರ್ಗಿ, ಮತಗಟ್ಟೆಯಿಂದ ದೂರ ಉಳಿದವರನ್ನು ಹುರುಪಿನಿಂದ ಕರೆತರುವ ಅಭ್ಯರ್ಥಿಗೆ ನಡುವಿನ ಮತದಾರರ ಹಂಗು ಕಡಿಮೆ. ಒಂದು ಕಡೆಯವರು ಗೆಲುವನ್ನು ಮನವೊಲಿಕೆಯಲ್ಲಿ ಕಂಡರೆ, ಇನ್ನೊಂದು ಕಡೆಯವರು ಒಟ್ಟುಗೂಡಿಸುವುದರಲ್ಲಿ ಕಂಡರು.

2004ರ ಜನವರಿ 19ರ ಸಂಜೆ ಐಯೊವಾ ರಾಜ್ಯ ಉತ್ತರ ಕೊಟ್ಟಿತು. ಆಗ ಅಲ್ಲಿನ ಡೆಮಾಕ್ರಟಿಕ್ ಕಾಕಸ್ ಗುಪ್ತ ಮತದಾನವಾಗಿರಲಿಲ್ಲ. ಶಾಲೆ, ಚರ್ಚ್, ಗ್ರಂಥಾಲಯಗಳ ಕೋಣೆಗಳಲ್ಲಿ ನೆರೆಹೊರೆಯವರು ಸೇರುತ್ತಿದ್ದರು. ತಮ್ಮ ಅಭ್ಯರ್ಥಿಯ ಹೆಸರಿರುವ ಮೂಲೆಗೆ ಹೋಗಿ ನಿಲ್ಲುತ್ತಿದ್ದರು. ತಲೆ ಎಣಿಸಿದಾಗ ಬಹುತೇಕ ಕಡೆ ಶೇ. 15 ಮಂದಿ ಸೇರದ ಗುಂಪು ಚದುರಬೇಕಿತ್ತು, ಅವರು ಬೇರೆ ಮೂಲೆ ಹುಡುಕಬೇಕಿತ್ತು. ಉಳಿದ ಗುಂಪಿನವರು ಅವರನ್ನು ಕೈಬೀಸಿ ಕರೆಯುತ್ತಿದ್ದರು, ವಾದಿಸುತ್ತಿದ್ದರು, ಒಪ್ಪಿಸುತ್ತಿದ್ದರು. ಮನಸ್ಸಿಗೆ ಹಿಡಿಸಿದವರನ್ನು ಬಿಟ್ಟು ಗೆಲ್ಲಬಲ್ಲವರ ಕಡೆ ಸರಿಯುವ ಕ್ರಿಯೆ ಇಲ್ಲಿ ಕಣ್ಣೆದುರೇ, ಕಾಲ್ನಡಿಗೆಯಲ್ಲೇ ನಡೆಯುತ್ತಿತ್ತು. ಡೀನ್ ಪರ ಪ್ರಚಾರಕ್ಕೆ ಹೊರರಾಜ್ಯಗಳಿಂದ ಬಂದ ಸಾವಿರಾರು ಸ್ವಯಂಸೇವಕರು ಕಿತ್ತಳೆ ಬಣ್ಣದ ಟೋಪಿ ತೊಟ್ಟು ಮನೆಮನೆ ಸುತ್ತಿದ್ದರು. ಆದರೆ ಆ ಕೋಣೆಗಳಲ್ಲಿ ಎಣಿಕೆಗೆ ಬಂದವರು ಊರಿನವರು ಮಾತ್ರ. ಕೆರಿಗೆ ಶೇ. 38, ಎಡ್ವರ್ಡ್ಸ್‌ಗೆ ಶೇ. 32, ಡೀನ್‌ಗೆ ಶೇ. 18 ಬಂತು. ಎಂಟು ದಿನಗಳ ನಂತರ ನ್ಯೂ ಹ್ಯಾಂಪ್‌ಶೈರ್‌ನಲ್ಲೂ ಕೆರಿ ಗೆದ್ದರು. ಅಧ್ಯಕ್ಷ ಜಾರ್ಜ್ ಬುಷ್‌ರನ್ನು ಸೋಲಿಸಬಲ್ಲವರು ಬೇಕೆಂದ ಮತದಾರರಲ್ಲಿ ಅವರು ಬಹಳ ಮುಂದಿದ್ದುದನ್ನು ಮತಗಟ್ಟೆ ಸಮೀಕ್ಷೆ ತೋರಿಸಿತು.

ಕೆರಿಯ ಆಯ್ಕೆಗೆ ಆಧಾರವಾದದ್ದು ವಿಯೆಟ್ನಾಂ ಯುದ್ಧದಲ್ಲಿ ಅವರು ಪಡೆದ ಪದಕಗಳು. ಭಯೋತ್ಪಾದನೆಯ ಭೀತಿಯ ಕಾಲದಲ್ಲಿ ಮಾಜಿ ಯೋಧನನ್ನು ದೇಶಭಕ್ತಿಯ ಪ್ರಶ್ನೆಯಲ್ಲಿ ಯಾರೂ ಮುಟ್ಟಲಾರರು ಎಂಬುದು ಲೆಕ್ಕಾಚಾರ. ಅದೇ ವರ್ಷದ ಆಗಸ್ಟ್‌ನಲ್ಲಿ ಮಾಜಿ ನೌಕಾಯೋಧರ ಗುಂಪೊಂದು ಜಾಹೀರಾತುಗಳ ಮೂಲಕ ದಾಳಿ ಮಾಡಿದ್ದು ಸರಿಯಾಗಿ ಆ ಯುದ್ಧದಾಖಲೆಯ ಮೇಲೆಯೇ. ಜನವರಿಯಲ್ಲಿ ಗುರಾಣಿ ಎಂದುಕೊಂಡದ್ದು ಆಗಸ್ಟ್‌ನಲ್ಲಿ ಗುರಿಯಾಯಿತು. ನವೆಂಬರ್‌ನಲ್ಲಿ ಕೆರಿ ಶೇ. 48.3 ಮತ ಪಡೆದು ಸೋತರು. ಫಲಿತಾಂಶ ನಿರ್ಧರಿಸಿದ ಒಹಾಯೊದಲ್ಲಿ ಅಂತರ ಸುಮಾರು 1.18 ಲಕ್ಷ ಮತ. ಡೀನ್ ಆಗಿದ್ದರೆ ಆ ಅಂತರ ಹಿಗ್ಗುತ್ತಿತ್ತೋ ಕುಗ್ಗುತ್ತಿತ್ತೋ ಎಂಬುದಕ್ಕೆ ಉತ್ತರವಿಲ್ಲ. ಆಯ್ಕೆಯಾದವರ ಸಾಮರ್ಥ್ಯ ಮಾತ್ರ ಒರೆಗೆ ಹತ್ತುತ್ತದೆ. ತಿರಸ್ಕೃತರದು ಎಂದೂ ಹತ್ತುವುದಿಲ್ಲ. ಇನ್ನೊಂದು ಸಂಗತಿಯೂ ಗಮನಾರ್ಹ: 2006ರ ಮಧ್ಯಾವಧಿ ಚುನಾವಣೆಯಲ್ಲಿ ಯುದ್ಧದ ಮೇಲಿನ ಅಸಮಾಧಾನ ಡೆಮಾಕ್ರಟರಿಗೆ ಎರಡೂ ಸದನಗಳನ್ನು ಗೆದ್ದುಕೊಟ್ಟಾಗ ಪಕ್ಷದ ರಾಷ್ಟ್ರೀಯ ಸಮಿತಿಯ ಅಧ್ಯಕ್ಷರಾಗಿದ್ದವರು ಡೀನ್. 2003ರಲ್ಲಿ ಅಂಚಿನದೆನಿಸಿದ್ದ ನಿಲುವು ಮೂರು ವರ್ಷದೊಳಗೆ ನಡುವಿಗೆ ಬಂದಿತ್ತು.

4. ತಪ್ಪಿದ ಭವಿಷ್ಯಗಳು

‘ಗೆಲ್ಲಲಾರರು’ ಎಂಬ ತೀರ್ಪನ್ನು ಮೀರಿ ಗೆದ್ದವರೂ ಇದ್ದಾರೆ. 1980ರ ಮಾರ್ಚ್‌ನಲ್ಲಿ ಮಾಜಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್, ರೊನಾಲ್ಡ್ ರೇಗನ್ ಅವರಷ್ಟು ಬಲಪಂಥೀಯರಾದ ಅಭ್ಯರ್ಥಿ ರಾಷ್ಟ್ರಮಟ್ಟದಲ್ಲಿ ಗೆಲ್ಲಲಾರರೆಂದು ಬಹಿರಂಗವಾಗಿ ಹೇಳಿದರು. ರೇಗನ್‌ಗೆ ಆಗ 69 ವರ್ಷ. ಅಧ್ಯಕ್ಷ ಜಿಮ್ಮಿ ಕಾರ್ಟರ್ ಪಾಳಯದಲ್ಲೂ ಅವರೇ ಸುಲಭದ ಎದುರಾಳಿ ಎಂಬ ಎಣಿಕೆಯಿತ್ತು. ನವೆಂಬರ್‌ನಲ್ಲಿ ರೇಗನ್ 44 ರಾಜ್ಯಗಳನ್ನೂ, ಅಧ್ಯಕ್ಷರನ್ನು ನಿರ್ಧರಿಸುವ ರಾಜ್ಯವಾರು ಎಲೆಕ್ಟೋರಲ್ ಮತಗಳಲ್ಲಿ 489ನ್ನೂ ಗೆದ್ದರು. ಹಣದುಬ್ಬರ ಮತ್ತು ಇರಾನ್ ಒತ್ತೆಯಾಳು ಬಿಕ್ಕಟ್ಟಿನಿಂದ ಬೇಸತ್ತ ಜನ ರೇಗನ್ ಎಷ್ಟು ಬಲಕ್ಕಿದ್ದಾರೆಂದು ಅಳೆಯುವ ಮೊದಲು ಕಾರ್ಟರ್ ಮುಂದುವರಿಯಬೇಕೇ ಎಂದು ಕೇಳಿಕೊಂಡರು.

2016ರಲ್ಲಿ ಡೊನಾಲ್ಡ್ ಟ್ರಂಪ್ ಬಗ್ಗೆ ರಿಪಬ್ಲಿಕನ್ ಹಿರಿಯರೇ ಇದೇ ಮಾತು ಹೇಳಿದ್ದರು. ಟ್ರಂಪ್ ದೇಶದ ಒಟ್ಟು ಮತಗಳಲ್ಲಿ ಸುಮಾರು 29 ಲಕ್ಷ ಹಿಂದೆ ಬಿದ್ದರೂ, ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾಗಳಲ್ಲಿ ಒಟ್ಟು 78 ಸಾವಿರದಷ್ಟು ಮತಗಳ ಮುನ್ನಡೆಯಿಂದ ಅಧ್ಯಕ್ಷರಾದರು. ದೇಶದ ಸರಾಸರಿ ಮತದಾರನನ್ನು ಒಲಿಸಿಕೊಳ್ಳುವುದೂ ನಿರ್ಣಾಯಕ ರಾಜ್ಯಗಳ ಮತದಾರರನ್ನು ಒಲಿಸಿಕೊಳ್ಳುವುದೂ ಒಂದೇ ಅಲ್ಲ ಎಂಬುದನ್ನು ಇದು ಸ್ಪಷ್ಟಪಡಿಸಿತು.

5. ಸಂಶೋಧನೆ ಹೇಳುವುದೇನು?

ಆಂಥನಿ ಡೌನ್ಸ್ 1957ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ ಎರಡು ಪಕ್ಷಗಳ ಪೈಪೋಟಿಯಲ್ಲಿ ಲಾಭ ನಡುವಿಗೆ ಸರಿದವರಿಗೆ. ಆಂಡ್ರ್ಯೂ ಹಾಲ್ 2015ರಲ್ಲಿ ಇದನ್ನು ಪ್ರತಿನಿಧಿ ಸಭೆಯ ಚುನಾವಣೆಗಳಲ್ಲಿ ಪರೀಕ್ಷಿಸಿದರು. 1980ರಿಂದ 2010ರವರೆಗಿನ ಪ್ರೈಮರಿಗಳಲ್ಲಿ ಉಗ್ರ ನಿಲುವಿನವರು ಮಧ್ಯಮ ನಿಲುವಿನವರನ್ನು ಕೂದಲೆಳೆಯ ಅಂತರದಲ್ಲಿ ಸೋಲಿಸಿದ ಕ್ಷೇತ್ರಗಳನ್ನು ಅವರು ಆಯ್ದುಕೊಂಡರು. ಅಂಥ ಕಡೆ ಪಕ್ಷದ ಮತಪ್ರಮಾಣ ಸರಾಸರಿ 9ರಿಂದ 13 ಶೇಕಡಾಂಶ ಕುಸಿದಿತ್ತು. 2018ರಲ್ಲಿ ಹಾಲ್ ಮತ್ತು ಡೇನಿಯಲ್ ಥಾಂಪ್ಸನ್ ಕಾರಣವನ್ನೂ ಸೂಚಿಸಿದರು: ಉಗ್ರ ಅಭ್ಯರ್ಥಿ ಸ್ವಪಕ್ಷದವರಿಗಿಂತ ಹೆಚ್ಚಾಗಿ ಎದುರು ಪಕ್ಷದವರನ್ನೇ ಮತಗಟ್ಟೆಗೆ ಹೊರಡಿಸುತ್ತಾರೆ. ಡೀನ್ ಬೆಂಬಲಿಗರ ವಾದಕ್ಕೆ ಇದು ಗಂಭೀರ ಆಕ್ಷೇಪ. ಆದರೆ ಪ್ರತಿನಿಧಿ ಸಭೆಯ ಫಲಿತಾಂಶವನ್ನು ಅಧ್ಯಕ್ಷೀಯ ಚುನಾವಣೆಗೆ ಹಾಗೆಯೇ ಅನ್ವಯಿಸಲಾಗದು. ಅಧ್ಯಕ್ಷ ಅಭ್ಯರ್ಥಿಗಳ ಸಂಖ್ಯೆ ತೀರ ಕಡಿಮೆ. ತಿಂಗಳುಗಟ್ಟಲೆ ಪ್ರಚಾರ ಅವರ ಚಿತ್ರವನ್ನು ಬದಲಿಸುತ್ತದೆ. ಆರ್ಥಿಕತೆ ಮತ್ತು ಅಧಿಕಾರದಲ್ಲಿರುವವರ ಜನಪ್ರಿಯತೆಯ ಭಾರ ದೊಡ್ಡದು.

ಆರಂಭಿಕ ಸಮೀಕ್ಷೆಗಳ ಆಸರೆಯೂ ದುರ್ಬಲ. ರಾಬರ್ಟ್ ಎರಿಕ್ಸನ್ ಮತ್ತು ಕ್ರಿಸ್ಟೋಫರ್ ವ್ಲೆಜಿಯನ್ 1952ರಿಂದ 2008ರವರೆಗಿನ 15 ಚುನಾವಣೆಗಳ ಸಮೀಕ್ಷೆಗಳನ್ನು ಪರಿಶೀಲಿಸಿದರು. ಮತದಾನಕ್ಕೆ ಸುಮಾರು 300 ದಿನ ಮುಂಚಿನ ಸಮೀಕ್ಷೆಗಳಿಗೂ ಅಂತಿಮ ಫಲಿತಾಂಶಕ್ಕೂ ಹೆಚ್ಚುಕಡಿಮೆ ಸಂಬಂಧವೇ ಇಲ್ಲವೆಂಬುದು ಅವರ ನಿಷ್ಕರ್ಷೆ. ಪ್ರೈಮರಿಗಳು ಆರಂಭವಾಗುವುದು ಸರಿಯಾಗಿ ಆ ಹೊತ್ತಿಗೆ.

6. ಇತರರ ಮನಸ್ಸಿನ ಊಹೆ

ಆಧಾರ ಇಷ್ಟು ತೆಳುವಾಗಿರುವಾಗ ಮತದಾರರು ಮೊರೆಹೋಗುವುದು ಹಳೆಯ ಚಿತ್ರಗಳಿಗೆ: ಹಿಂದೆ ಗೆದ್ದವರು ಹೇಗಿದ್ದರೋ ಮುಂದೆ ಗೆಲ್ಲುವವರೂ ಹಾಗಿರಬೇಕು. ರಾಜ್ಯಶಾಸ್ತ್ರಜ್ಞೆ ರೆಜಿನಾ ಬೇಟ್ಸನ್ 2020ರಲ್ಲಿ ಇದನ್ನು ‘ತಂತ್ರಗಾರಿಕೆಯ ತಾರತಮ್ಯ’ ಎಂಬ ಅರ್ಥದ ಹೆಸರಿನಿಂದ ವಿವರಿಸಿದರು. ಮಹಿಳೆಯರ ಅಥವಾ ಕಪ್ಪುವರ್ಣೀಯರ ಬಗ್ಗೆ ತಮಗೆ ಪೂರ್ವಗ್ರಹವಿಲ್ಲದವರೂ ಇತರರಿಗೆ ಅದು ಇದ್ದೀತೆಂದು ಹೆದರಿ ಅಂಥ ಅಭ್ಯರ್ಥಿಗಳಿಂದ ದೂರ ಸರಿಯುತ್ತಾರೆ. ಯಾರೊಬ್ಬರ ದ್ವೇಷವೂ ಇಲ್ಲದೆ ತಾರತಮ್ಯ ಉಳಿದುಕೊಳ್ಳುವ ಬಗೆ ಇದು.

ಈ ಊಹೆ ಎಷ್ಟು ಬೇಗ ಬದಲಾಗಬಲ್ಲದೆಂಬುದಕ್ಕೆ 2008 ನಿದರ್ಶನ. 2007ರುದ್ದಕ್ಕೂ ಹಿಲರಿ ಕ್ಲಿಂಟನ್ ಮುಂಚೂಣಿಯಲ್ಲಿದ್ದರು. ಬಿಳಿಯರು ಕಪ್ಪು ಅಭ್ಯರ್ಥಿಗೆ ಮತ ಹಾಕುವುದಿಲ್ಲ ಎಂಬ ಶಂಕೆ ಕಪ್ಪು ಮತದಾರರಲ್ಲೂ ಇತ್ತು. ಜನವರಿ 3ರಂದು ಬಹುಪಾಲು ಬಿಳಿಯರೇ ಇರುವ ಐಯೊವಾದಲ್ಲಿ ಬರಾಕ್ ಒಬಾಮ ಗೆದ್ದಾಗ ಆ ಶಂಕೆ ಸಡಿಲಿತು. ಜನವರಿ 26ರಂದು ದಕ್ಷಿಣ ಕೆರೊಲಿನಾ ಅವರಿಗೆ ಶೇ. 55 ಮತ ಕೊಟ್ಟಿತು. ಈ ಮೂರು ವಾರಗಳಲ್ಲಿ ಒಬಾಮ ಬದಲಾಗಿರಲಿಲ್ಲ, ಇತರರ ಬಗೆಗಿನ ಅಂದಾಜು ಬದಲಾಗಿತ್ತು.

2020ರಲ್ಲಿ ಜೋ ಬೈಡನ್ ಅವರ ಮುಖ್ಯ ಆಕರ್ಷಣೆ ಟ್ರಂಪ್‌ರನ್ನು ಸೋಲಿಸಬಲ್ಲರೆಂಬ ನಂಬಿಕೆ. ಐಯೊವಾದಲ್ಲಿ ನಾಲ್ಕನೆಯ, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯ ಸ್ಥಾನಕ್ಕೆ ಕುಸಿದಾಗ ಮಸ್ಕಿಯ ಕಥೆ ಮರುಕಳಿಸುವಂತಿತ್ತು. ಆದರೆ ಫೆಬ್ರುವರಿ 29ರಂದು ದಕ್ಷಿಣ ಕೆರೊಲಿನಾದ ಕಪ್ಪು ಮತದಾರರು ಅವರನ್ನು ಎತ್ತಿ ಹಿಡಿದರು. ನವೆಂಬರ್‌ನಲ್ಲಿ ಅವರು ಗೆದ್ದರು. ಇದನ್ನು ಗೆಲುವಿನ ಸಾಮರ್ಥ್ಯದ ವಾದಕ್ಕೆ ದೊರೆತ ಜಯವೆಂದು ಓದಬಹುದು. ಆದರೂ ಅರಿಜೋನಾ, ಜಾರ್ಜಿಯಾ, ವಿಸ್ಕಾನ್ಸಿನ್‌ಗಳಲ್ಲಿ ಒಟ್ಟು 43 ಸಾವಿರದಷ್ಟೇ ಮತಗಳ ಮುನ್ನಡೆಯಿದ್ದ ಆ ಗೆಲುವಿನಿಂದ, ಬೇರೆಯವರು ಸೋಲುತ್ತಿದ್ದರೆಂದು ಸಾಬೀತಾಗುವುದಿಲ್ಲ.

7. ಸಮಾರೋಪ

ಐದು ದಶಕಗಳ ದಾಖಲೆಯಿಂದ ಹೊರಡುವ ತೀರ್ಮಾನಗಳು ಸೀಮಿತ, ಆದರೆ ಸ್ಪಷ್ಟ. ನಿಲುವಿನ ಉಗ್ರತೆಗೆ ಬೆಲೆ ತೆರಬೇಕಾಗಬಹುದು. ಆದರೆ ಯಾವುದು ಉಗ್ರ ಎಂಬುದು ಕಾಲದೊಂದಿಗೆ ಸರಿಯುತ್ತದೆ. ಆರಂಭಿಕ ಸಮೀಕ್ಷೆ ನವೆಂಬರ್‌ನ ಮುನ್ಸೂಚನೆಯಲ್ಲ. ಸುರಕ್ಷಿತವೆಂದು ಬಗೆದ ಗುಣವೇ ದಾಳಿಗೆ ಈಡಾಗಬಹುದು. ಮುಂಚೂಣಿ ಅಭ್ಯರ್ಥಿ ನಿಜಕ್ಕೂ ಗೆಲ್ಲಬಲ್ಲರೇ ಎಂಬ ಪ್ರಶ್ನೆ ನ್ಯಾಯವಾದದ್ದೇ: ಸೋಲಿನ ಬೆಲೆಯನ್ನು ತೆರುವವರು ಮತದಾರರಾದ್ದರಿಂದ ಅದನ್ನು ಕೇಳುವ ಹಕ್ಕು ಅವರಿಗಿದೆ. ಆದರೆ ಅದಕ್ಕೆ ಜನವರಿಯಲ್ಲಿ ಸಿಗುವುದು ಉತ್ತರವಲ್ಲ, ಊಹೆ. ಯಾರು ಆಳಬೇಕೆಂದು ಹೇಳಲು ಪಕ್ಷದ ಮತದಾರರಿಗಿರುವ ಅವಕಾಶ ಪ್ರೈಮರಿ. ಅಲ್ಲೂ ಪ್ರತಿಯೊಬ್ಬರೂ ಪಕ್ಕದವರ ಮನಸ್ಸನ್ನಷ್ಟೇ ಊಹಿಸುತ್ತ ಮತ ಹಾಕಿದರೆ, ಕೊನೆಗೆ ಎಣಿಕೆಯಾಗುವುದು ಯಾರ ಅಭಿಪ್ರಾಯವೂ ಅಲ್ಲದ ಒಂದು ಮೊತ್ತ.