ಗುಳ್ಳೆ

ಜೂನ್ ಬಂತೆಂದರೆ ಪುಸ್ತಕಗಳಿಗೆ ಬೈಂಡ್ ಹಾಕಿ ಲೇಬಲ್ ಅಂಟಿಸುವ ಕೆಲಸ ನಮ್ಮ ಮನೆಯಲ್ಲಿ ಯಾವಾಗಲೂ ನನ್ನದೇ. ಸುಕ್ಕಿಲ್ಲದೆ ಲೇಬಲ್ ಅಂಟಿಸುವುದರಲ್ಲಿ ನಮ್ಮ ಸ್ಟಾಫ್ ರೂಮಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಸಣ್ಣ ಜಂಬವೂ ಇತ್ತು. ಮಗಳು ತನ್ನ ಡರ್ಟ್ ಬೈಕಿಗೆಂದು ತಂದ ವಿನೈಲ್ ಸ್ಟಿಕರುಗಳು ಆ ಜಂಬವನ್ನು ಇಳಿಸಿದವು.

ಡರ್ಟ್ ಬೈಕೆಂದರೆ ಮಣ್ಣುದಿಬ್ಬಗಳ ಮೇಲೆ ಹಾರಿಸುವ ಎತ್ತರದ ಬೈಕು. ದೀಪವಿಲ್ಲ, ಕನ್ನಡಿಯಿಲ್ಲ, ರಸ್ತೆಗೆ ತರುವಂತಿಲ್ಲ. ಹಳೆಯದೊಂದನ್ನು ಕೊಳ್ಳಲು ನನ್ನ ಚೀಟಿ ಹಣ ಕೊಟ್ಟವಳು ನಾನೇ. ಹೋದ ವರ್ಷ ಅವಳು ಬಿದ್ದು ಭುಜದ ಮೂಳೆ ಮುರಿದುಕೊಂಡಾಗ "ಅದಕ್ಕೆ ದುಡ್ಡು ಕೊಟ್ಟವರು ಯಾರು?" ಎಂದು ನಮ್ಮನೆಯವರು ಕೇಳಿದ್ದು ಒಂದೇ ಸಲ. ಆಮೇಲೆ ಮನೆಯಲ್ಲಿ ಬೈಕಿನ ಸುದ್ದಿ ಎತ್ತುವವರೇ ಇಲ್ಲ. ಗೀರು ಬಿದ್ದ ಸ್ಟಿಕರು ಕಿತ್ತು ಹೊಸದು ಹಾಕುತ್ತಾಳೆಂದರೆ ಮತ್ತೆ ಓಡಿಸುತ್ತಾಳೆಂದೇ ಅರ್ಥ. "ಅಮ್ಮಾ, ನಿನ್ನ ಕೈ ನಡುಗಲ್ಲ, ಸ್ವಲ್ಪ ಹಿಡ್ಕೋ ಬಾ" ಎಂದಳು. ಹೋದೆ.

ಚರಿತ್ರೆ ಪಾಠ ಮಾಡುವವಳಿಗೆ ಯಾವುದನ್ನು ಮುಟ್ಟಿದರೂ ಇದು ಎಲ್ಲಿಂದ ಬಂತೆಂದು ಕೆದಕುವ ಚಟ. ಚಿಕ್ಕವರಿದ್ದಾಗ ಬಬಲ್‌ಗಮ್ ಜೊತೆ ಬಂದ ಚಿತ್ರವನ್ನು ಮುಂಗೈಗೊತ್ತಿ, ನೀರು ಸವರಿ, ಕಾಗದ ಎಳೆಯುತ್ತಿದ್ದೆವಲ್ಲ, ಆ ವಿದ್ಯೆ ಯುರೋಪಿನದು. 1860ರ ದಶಕದಲ್ಲಿ ಇಂಗ್ಲೆಂಡಿನ ಮನೆಗಳಲ್ಲಿ ಅದೊಂದು ಹುಚ್ಚೇ ಆಗಿತ್ತಂತೆ. ಡೆಕಲ್ಕೋಮೇನಿಯಾ ಎಂಬ ಅದರ ಉದ್ದ ಹೆಸರನ್ನು ಮೊಟಕು ಮಾಡಿ ಡೆಕಾಲ್ ಎಂದರು.

ವಿನೈಲ್ ಬಂದದ್ದು ಬೇರೆ ದಾರಿಯಲ್ಲಿ. 1926ರಲ್ಲಿ ಅಮೆರಿಕದ ಗುಡ್‌ರಿಚ್ ಕಂಪನಿಯ ವಾಲ್ಡೊ ಸೆಮನ್ ಎಂಬುವರು ರಬ್ಬರನ್ನು ಲೋಹಕ್ಕೆ ಹಿಡಿಸುವ ಅಂಟು ಹುಡುಕುತ್ತಿದ್ದರು. ಪಿ.ವಿ.ಸಿ.ಯನ್ನು ದ್ರಾವಕದಲ್ಲಿ ಕಾಯಿಸಿದಾಗ ಬಗ್ಗುವ, ಪುಟಿಯುವ ವಸ್ತುವೊಂದು ಕೈಗೆ ಬಂತು, ಆದರೆ ಅದು ಯಾವುದಕ್ಕೂ ಅಂಟದು!

ಅಂಟಿನ ಕಡೆಯ ಕಥೆ ನನಗೆ ಇನ್ನೂ ಇಷ್ಟ. 1935ರಲ್ಲಿ ಲಾಸ್ ಏಂಜಲೀಸಿನ ಸ್ಟ್ಯಾಂಟನ್ ಏವರಿ ಎಂಬ ತರುಣ ವಾಷಿಂಗ್ ಮೆಶಿನ್ನಿನ ಮೋಟಾರು, ಹೊಲಿಗೆ ಯಂತ್ರದ ಬಿಡಿಭಾಗ ಕೂಡಿಸಿ, ಹಿಂಬದಿಯ ಕಾಗದ ಸುಲಿದರೆ ತಾನೇ ಅಂಟುವ ಲೇಬಲ್ ಮಾಡುವ ಯಂತ್ರ ಕಟ್ಟಿದ. ಬಂಡವಾಳ ನೂರು ಡಾಲರು. ಕೊಟ್ಟವಳು ಅವನು ಮುಂದೆ ಮದುವೆಯಾದ ಡೊರೊಥಿ ಡರ್ಫೀ. ಆಕೆ ಶಾಲೆಯ ಟೀಚರು! ಇದನ್ನು ಮಗಳಿಗೆ ಹೇಳಿದೆ, ಮನೆಯವರಿಗೆ ಕೇಳಿಸುವಷ್ಟು ಜೋರಾಗಿಯೇ. ನಾವು ಹಣೆಗಿಡುವ ಸ್ಟಿಕರ್ ಬೊಟ್ಟೂ ಅದೇ ವಂಶದ್ದು.

ಇನ್ನು ನಮ್ಮ ಕೆಲಸ. ಹಳೆಯ ಸ್ಟಿಕರನ್ನು ಹೇರ್ ಡ್ರೈಯರಿನಿಂದ ಬಿಸಿ ಮಾಡಿ ಕಿತ್ತು, ಸೋಪಿನ ನೀರಲ್ಲಿ ತೊಳೆದು, ಸ್ಪಿರಿಟ್ಟಿನಲ್ಲಿ ಒರೆಸಿದೆವು. ಹಿಂಬದಿಯ ಕಾಗದವನ್ನು ಒಮ್ಮೆಲೇ ಸುಲಿಯಬಾರದು. ನಡುವೆ ಮೂರು ಬೆರಳಗಲ ಬಿಡಿಸಿ, ಕೂರಿಸಿ, ಬಟ್ಟೆ ಸುತ್ತಿದ ಸ್ಕೇಲಿನಿಂದ ನಡುವಿನಿಂದ ಅಂಚಿಗೆ ಗಾಳಿಯನ್ನು ತಳ್ಳುತ್ತಾ ಹೋಗಬೇಕು. ತಿರುವಿನಲ್ಲಿ ಬಿಸಿ ತಾಗಿಸಿದರೆ ಮೆತ್ತಗಾಗಿ ಬಗ್ಗುತ್ತದೆ. ಹಾಗೆಂದು ಎಳೆದೆಳೆದು ಅಂಟಿಸಿದರೆ ಆಮೇಲೆ ಕುಗ್ಗಿ ಅಂಚು ಏಳುತ್ತದೆ. ಸಂಜೆಗೆ ಟ್ಯಾಂಕಿನ ಎಡಬದಿ ಕನ್ನಡಿಯ ಹಾಗಿತ್ತು.

ಬೆಳಿಗ್ಗೆ ನೋಡಿದರೆ ಮೈತುಂಬ ಗುಳ್ಳೆ, ಸಿಡುಬೆದ್ದಂತೆ! ನನ್ನ ಕೈಯದೇ ತಪ್ಪೆಂದುಕೊಂಡೆ. "ಅಲ್ಲಮ್ಮಾ, ಇದು ಪ್ಲಾಸ್ಟಿಕ್ ಟ್ಯಾಂಕು. ಪೆಟ್ರೋಲ್ ಆವಿ ಇದರ ಗೋಡೆಯಿಂದಲೇ ಹೊರಗೆ ಬರುತ್ತೆ" ಎಂದಳು. ಹೊರಗಿನ ಗಾಳಿಯನ್ನಾದರೆ ತಳ್ಳಬಹುದು, ಒಳಗಿಂದ ಬರುವುದನ್ನು ಏನು ಮಾಡುವುದು? ಅದಕ್ಕೆಂದೇ ಟ್ಯಾಂಕಿನ ಸ್ಟಿಕರಿಗೆ ಸಣ್ಣ ತೂತುಗಳಿರುತ್ತವಂತೆ. ಅಗ್ಗದ ಇವಕ್ಕೆ ಇರಲಿಲ್ಲ.

ಟ್ಯಾಂಕು ಬಿಚ್ಚಿ, ಖಾಲಿ ಮಾಡಿ, ಮುಚ್ಚಳ ತೆಗೆದು ಎರಡು ದಿನ ಹಿತ್ತಲಲ್ಲಿಟ್ಟೆವು. ಕಸೂತಿಯ ಚಿತ್ರ ಇಳಿಸಲು ಕಾಗದಕ್ಕೆ ಸಾಲುಸಾಲಾಗಿ ಸೂಜಿ ಚುಚ್ಚಿ ನೀಲಿ ಸವರುತ್ತಿದ್ದೆವಲ್ಲ, ಅದೇ ಸೂಜಿ ಹುಡುಕಿದೆ. ಎಡಬದಿಯ ಒಂದೊಂದು ಗುಳ್ಳೆಯನ್ನೂ ಚುಚ್ಚಿ ಒತ್ತಿದೆ. ಬಲಬದಿಯದಕ್ಕೆ ಅಂಟಿಸುವ ಮೊದಲೇ ಸಾಲಾಗಿ ತೂತು ಹಾಕತೊಡಗಿದೆ.

ಹೇರ್ ಡ್ರೈಯರಿನ ವೈರು ಜಗುಲಿಯವರೆಗೆ ಮುಟ್ಟುತ್ತಿರಲಿಲ್ಲ. ಮನೆಯವರು ಪೇಪರು ಮಡಚಿಟ್ಟು ಒಳಗೆ ಹೋಗಿ ಎಕ್ಸ್‌ಟೆನ್ಷನ್ ಬಾಕ್ಸ್ ತಂದು ಹಾಕಿದರು. ಹೋಗಲಿಲ್ಲ. ಕನ್ನಡಕ ಏರಿಸಿ, ನಾನು ಚುಚ್ಚುತ್ತಿದ್ದ ಸಾಲನ್ನು ನೋಡಿ, "ಇಲ್ಲೊಂದು ಬಿಟ್ಟಿದೀಯ" ಎಂದರು.