ಅಕ್ಷರಕ್ಕಾಗಿ ಹುಟ್ಟಿದ ಮಸೂರ

ಇರುವೆ, ನಾಣ್ಯ, ಅಂಚೆಚೀಟಿ, ಮೂಗುತಿಯ ಹರಳು - ಇಂಥ ಸಣ್ಣ ವಸ್ತುಗಳ ಚಿತ್ರ ತೆಗೆಯಬೇಕೆನ್ನುವವರು ಕ್ಯಾಮರಾ ಅಂಗಡಿಯಲ್ಲಿ ಕೇಳುವುದು 'ಮ್ಯಾಕ್ರೋ ಲೆನ್ಸ್'. ಆದರೆ ಅಂಗಡಿಯವನು ನಿಕಾನ್ ಕಂಪನಿಯ ಲೆನ್ಸ್ ತೆಗೆದು ಮುಂದಿಟ್ಟರೆ ಅದರ ಮೇಲೆ 'ಮೈಕ್ರೋ' ಎಂದು ಬರೆದಿರುತ್ತದೆ. ಗ್ರೀಕ್ ಮೂಲದ ಈ ಪದಗಳಲ್ಲಿ ಮ್ಯಾಕ್ರೋ ಎಂದರೆ ದೊಡ್ಡದು, ಮೈಕ್ರೋ ಎಂದರೆ ಸಣ್ಣದು. ಮಾಡುವ ಕೆಲಸ ಒಂದೇ ಆಗಿರುವಾಗ ಹೆಸರು ಮಾತ್ರ ಹೀಗೆ ತದ್ವಿರುದ್ಧವಾದದ್ದೇಕೆ? ಇದು ಬರಿಯ ವ್ಯಾಪಾರದ ಜಾಣತನವಲ್ಲ. ಇದರ ಹಿಂದೆ ಲಿಪಿಯೊಂದರ ಕಥೆಯಿದೆ. ಆ ಕಥೆ ತಿಳಿದರೆ, ಯಾವ ಲೆನ್ಸ್ ಕೊಳ್ಳಬೇಕೆಂಬ ಪ್ರಶ್ನೆಗೂ ಅರ್ಧ ಉತ್ತರ ಸಿಕ್ಕಂತೆಯೇ.

ಛಾಯಾಗ್ರಹಣ ಹುಟ್ಟಿದ ವರ್ಷದಲ್ಲೇ, ಅಂದರೆ 1839ರಲ್ಲಿ, ಇಂಗ್ಲೆಂಡಿನ ಜಾನ್ ಬೆಂಜಮಿನ್ ಡಾನ್ಸರ್ ದೊಡ್ಡ ದಾಖಲೆಯನ್ನು ಕಣ್ಣಿಗೆ ಕಾಣದಷ್ಟು ಚಿಕ್ಕ ಚಿತ್ರವಾಗಿ ಕುಗ್ಗಿಸುವ ಪ್ರಯೋಗಗಳನ್ನು ಆರಂಭಿಸಿದ. ಆಗ ಅದೊಂದು ಕುತೂಹಲದ ಆಟವಷ್ಟೆ. ಆಟ ಕೆಲಸಕ್ಕೆ ಬಂದದ್ದು 1870ರಲ್ಲಿ, ಪ್ರಷ್ಯನ್ ಸೇನೆ ಪ್ಯಾರಿಸ್ ನಗರವನ್ನು ಮುತ್ತಿದಾಗ. ರೆನೆ ದಾಗ್ರೋನ್ ಎಂಬ ಛಾಯಾಗ್ರಾಹಕ ಬಲೂನಿನಲ್ಲಿ ನಗರದಿಂದ ತಪ್ಪಿಸಿಕೊಂಡು ಹೊರಬಂದ. ಸಾವಿರಾರು ಪತ್ರಗಳನ್ನು ತೆಳುವಾದ ಫಿಲಂ ಚೂರುಗಳ ಮೇಲೆ ಕುಗ್ಗಿಸಿದ. ಅವನ್ನು ಸುರುಳಿ ಸುತ್ತಿ ಪಾರಿವಾಳಗಳ ಬಾಲದ ಗರಿಗೆ ಕಟ್ಟಿ ಹಾರಿಬಿಡಲಾಯಿತು. ಪ್ಯಾರಿಸ್‌ನಲ್ಲಿ ಅವನ್ನು ಮಾಯಾದೀಪದಿಂದ ಪರದೆಯ ಮೇಲೆ ಬಿಟ್ಟು, ಗುಮಾಸ್ತರು ಕೂತು ನಕಲು ಮಾಡಿಕೊಂಡರು. ದೊಡ್ಡದನ್ನು ಕುಗ್ಗಿಸುವ ಈ ವಿದ್ಯೆಗೆ 'ಮೈಕ್ರೋಫೋಟೋಗ್ರಫಿ' ಎಂದು ಹೆಸರು. ಸಣ್ಣದನ್ನು ಅದರ ನಿಜ ಗಾತ್ರಕ್ಕೋ ಅದಕ್ಕೂ ದೊಡ್ಡದಾಗಿಯೋ ಫಿಲಂ ಮೇಲೆ ಮೂಡಿಸುವುದು ಮ್ಯಾಕ್ರೋ. ಎರಡೂ ಬೇರೆ ಬೇರೆ ದಾರಿಗಳೆಂದೇ ಆಗ ತಿಳಿಯಲಾಗಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಬ್ಯಾಂಕುಗಳು ಮೈಕ್ರೋಫಿಲಂ ಹಿಡಿದವು, ಅನಂತರ ಗ್ರಂಥಾಲಯಗಳು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1927ರಿಂದ 1935ರವರೆಗೆ ಬ್ರಿಟಿಷ್ ಗ್ರಂಥಾಲಯದ ಸುಮಾರು ಮೂವತ್ತು ಲಕ್ಷ ಪುಟಗಳನ್ನು ಫಿಲಂಗೆ ಇಳಿಸಿಕೊಂಡಿತು. ಅಗ್ಗದ ಕಾಗದದ ಮೇಲೆ ಅಚ್ಚಾದ ಪತ್ರಿಕೆಗಳು ಹಳದಿಯಾಗಿ ಹಪ್ಪಳದಂತೆ ಮುರಿಯುವುದನ್ನು ಕಂಡವರಿಗೆ ಇದು ವರವೆಂದೇ ತೋರಿತು. ಆದರೆ ವರದ ಜತೆಗೆ ಅಪಾಯವೂ ಬಂತು. ಫಿಲಂ ಆದ ಮೇಲೆ ಮೂಲ ಪತ್ರಿಕೆಗಳು ಏಕೆಂದು ಹಲವು ಗ್ರಂಥಾಲಯಗಳು ಅವನ್ನು ವಿಲೇವಾರಿ ಮಾಡಿದವು. ಅಮೆರಿಕದ ಲೇಖಕ ನಿಕಲ್ಸನ್ ಬೇಕರ್ 2001ರಲ್ಲಿ 'ಡಬಲ್ ಫೋಲ್ಡ್' ಎಂಬ ಪುಸ್ತಕ ಬರೆದು ಇದನ್ನು ಕಟುವಾಗಿ ಟೀಕಿಸಿದ. ಮೂಲ ಹೋಗಿ ಫಿಲಂ ಮಾತ್ರ ಉಳಿದ ಮೇಲೆ, ಲೆನ್ಸ್ ಕಾಣದೆ ಬಿಟ್ಟದ್ದು ಶಾಶ್ವತವಾಗಿ ಹೋದಂತೆಯೇ ತಾನೆ?

ಎರಡನೇ ಮಹಾಯುದ್ಧದ ನಂತರ ಜಪಾನ್ ಈ ಕೆಲಸಕ್ಕೆ ಕೈಹಾಕಿದಾಗ ತೊಡಕು ಎದುರಾಯಿತು. ಇಂಗ್ಲಿಷಿನದು ಇಪ್ಪತ್ತಾರು ಸರಳ ಅಕ್ಷರಗಳ ಲಿಪಿ. ಜಪಾನಿನಲ್ಲಿ ಚೀನಾ ಮೂಲದ ಕಾಂಜಿ ಅಕ್ಷರಗಳು. 1946ರಲ್ಲಿ ಸರಕಾರ ದಿನಬಳಕೆಗೆಂದು ಕಡಿತಗೊಳಿಸಿದ ಪಟ್ಟಿಯಲ್ಲೇ 1850 ಇದ್ದವು. ಒಂದೊಂದರಲ್ಲಿ ಹತ್ತು, ಹದಿನೈದು, ಇಪ್ಪತ್ತು ಗೆರೆಗಳು. 3 ಮಿಲಿಮೀಟರಿನ ಅಚ್ಚಕ್ಷರವನ್ನು ಇಪ್ಪತ್ತು ಪಟ್ಟು ಕುಗ್ಗಿಸಿದರೆ ಅದು 0.15 ಮಿ.ಮೀ. ಆಗುತ್ತದೆ, ಅಷ್ಟರೊಳಗೆ ಹದಿನೈದು ಗೆರೆಗಳೂ ಬೇರೆ ಬೇರೆಯಾಗಿ ನಿಲ್ಲಬೇಕು. 'ಹಕ್ಕಿ' ಎಂಬುದರ ಕಾಂಜಿಗೂ 'ಕಾಗೆ' ಎಂಬುದರ ಕಾಂಜಿಗೂ ಇರುವ ವ್ಯತ್ಯಾಸ ಒಂದೇ ಒಂದು ಚಿಕ್ಕ ಗೆರೆ. ಕಪ್ಪು ಮೈಯಲ್ಲಿ ಕಾಗೆಯ ಕಣ್ಣು ಕಾಣದಿರುವುದರಿಂದ ಕಣ್ಣಿನ ಗೆರೆಯನ್ನು ಬಿಟ್ಟಿದ್ದಾರೆಂದು ವಿವರಣೆ ಕೊಡುವುದುಂಟು. ಲೆನ್ಸ್ ಆ ಗೆರೆಯನ್ನು ನುಂಗಿದರೆ ಹಕ್ಕಿಯೆಲ್ಲ ಕಾಗೆಯಾಗುತ್ತದೆ. ಕನ್ನಡಿಗರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಹೊಟ್ಟೆ ಸೀಳದಿದ್ದರೆ 'ಧನ' ಹೋಗಿ 'ದನ'ವಾಗುವುದನ್ನು ಒಂದನೇ ತರಗತಿಯಲ್ಲೇ ಕಲಿತವರು ನಾವು.

ಪಶ್ಚಿಮದ ಲಿಪಿಗೆ ಸಾಕಾಗುವ ಲೆನ್ಸ್ ಜಪಾನಿಗೆ ಸಾಲದೆಂದು ಒತ್ತಿ ಹೇಳಿದವರಲ್ಲಿ ಟೋಕಿಯೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕೊಆನ ಪ್ರಮುಖರು. ನಿಕಾನ್ ಎಂದು ಈಗ ಹೆಸರಾಗಿರುವ ನಿಪ್ಪಾನ್ ಕೊಗಾಕು ಕಂಪನಿ ಈ ಕೆಲಸವನ್ನು ಕೈಗೆತ್ತಿಕೊಂಡು, 1956ರಲ್ಲಿ 5 ಸೆಂಟಿಮೀಟರ್ ನಾಭಿದೂರದ 'ಮೈಕ್ರೋ ನಿಕ್ಕರ್' ಲೆನ್ಸನ್ನು ಹೊರತಂದಿತು. ಹೆಸರಿನಲ್ಲಿರುವ ಮೈಕ್ರೋ ಎಂಬುದು ಮೈಕ್ರೋಫಿಲಂನ ಮೈಕ್ರೋ.

ಅದರಲ್ಲಿದ್ದ ವಿಶೇಷವೇನು? ಸಾಮಾನ್ಯ ಲೆನ್ಸನ್ನು ದೂರದ ದೃಶ್ಯಕ್ಕೆಂದು ಲೆಕ್ಕ ಹಾಕಿ ರೂಪಿಸಿರುತ್ತಾರೆ. ಬೆಟ್ಟ, ಬೀದಿ, ನಾಲ್ಕು ಮಾರು ದೂರದಲ್ಲಿ ನಿಂತ ನೆಂಟರು - ಇವರೆಲ್ಲ ಚೆನ್ನಾಗಿಯೇ ಬರುತ್ತಾರೆ. ಅದನ್ನೇ ಒಂದು ಗೇಣಿನ ದೂರಕ್ಕೆ ತಂದರೆ ಲೆಕ್ಕ ತಪ್ಪುತ್ತದೆ: ನಡುಭಾಗ ಸ್ಪಷ್ಟ, ಅಂಚು ಕಲಸು. ಜತೆಗೆ, ಲೆನ್ಸ್ ಮೂಡಿಸುವ ಬಿಂಬಕ್ಕೆ ಬಟ್ಟಲಿನಂತೆ ಬಾಗುವ ಸ್ವಭಾವವಿದೆ. ಮುಖಚಿತ್ರದಲ್ಲಿ ಅದು ಯಾರಿಗೂ ಕಾಣದು. ಪತ್ರಿಕೆಯ ಹಾಳೆಯಲ್ಲಾದರೆ ಮೂಲೆಯ ಸುದ್ದಿಯೇ ಮಾಯ. ಹತ್ತಿರದಲ್ಲಿಯೂ ಸಮತಟ್ಟಾಗಿ, ಅಂಚಿನವರೆಗೆ ಹರಿತವಾಗಿ ಬಿಂಬ ಮೂಡಿಸುವುದೇ ಮೈಕ್ರೋ ನಿಕ್ಕರಿನ ಗುಣ. ಇದಕ್ಕೆ ಒಂದು ವರ್ಷ ಮೊದಲು, 1955ರಲ್ಲಿ, ಜರ್ಮನಿಯ ಹೈಂಝ್ ಕಿಲ್‌ಫಿಟ್ 40 ಮಿ.ಮೀ.ನ 'ಮ್ಯಾಕ್ರೋ ಕಿಲಾರ್' ತಂದಿದ್ದ. ಬೇರೆ ಸಲಕರಣೆಯ ಹಂಗಿಲ್ಲದೆ ದೂರದಿಂದ ತೀರ ಹತ್ತಿರದವರೆಗೂ ಫೋಕಸ್ ಮಾಡಬಲ್ಲ ಲೆನ್ಸ್ ಅದು. ಇಂದಿನ ಮ್ಯಾಕ್ರೋ ಲೆನ್ಸುಗಳ ಹಿರಿಯಣ್ಣ ಕಿಲಾರ್. ಆದರೆ ಅಂಚಿನವರೆಗಿನ ಹರಿತದ ಹಟವನ್ನು ಅವುಗಳಿಗೆ ಕಲಿಸಿದ್ದು ಕಾಂಜಿ ಲಿಪಿ ಎಂದೇ ನನ್ನ ಅನಿಸಿಕೆ.

1961ರಲ್ಲಿ ಈ ವಿನ್ಯಾಸ 55 ಮಿ.ಮೀ. ಆಗಿ ನಿಕಾನ್ ಎಫ್ ಕ್ಯಾಮರಾಕ್ಕೆ ಬಂತು. ಲೆನ್ಸ್ ಕಂಡದ್ದನ್ನೇ ಕಣ್ಣಿಗೂ ತೋರಿಸುವ ಕ್ಯಾಮರಾ ಅದು. ಅಲ್ಲಿಂದ ಕೀಟಶಾಸ್ತ್ರಜ್ಞರು, ದಂತವೈದ್ಯರು, ನಾಣ್ಯ ಸಂಗ್ರಾಹಕರು ಅದನ್ನು ತಮ್ಮದಾಗಿಸಿಕೊಂಡರು. ಕುಗ್ಗಿಸಲೆಂದು ಹುಟ್ಟಿದ ಲೆನ್ಸ್ ಹಿಗ್ಗಿಸುವ ಕೆಲಸಕ್ಕೆ ಬಂದದ್ದು ಹೀಗೆ. ಅದೇ ಕುಲದ ಇನ್ನೊಂದು ಕವಲು 1962ರ 'ಅಲ್ಟ್ರಾ ಮೈಕ್ರೋ ನಿಕ್ಕರ್'. ಅದು ಅಕ್ಷರ ಬಿಟ್ಟು ವಿದ್ಯುನ್ಮಾನ ಬಿಲ್ಲೆಗಳ ನಕ್ಷೆ ಕುಗ್ಗಿಸಲು ಹೋಯಿತು. 1980ರಲ್ಲಿ ನಿಕಾನ್ ಬಿಲ್ಲೆ ತಯಾರಿಕೆಯ ಯಂತ್ರಗಳನ್ನೇ ಮಾರತೊಡಗಿತು. ಅದು ಬೇರೆಯದೇ ಕಥೆ.

ಈಗ ಕೊಳ್ಳುವವರ ಮಾತು. ಮೊದಲು ನೋಡಬೇಕಾದ್ದು ಲೆನ್ಸ್ 'ನಿಜ ಗಾತ್ರ'ಕ್ಕೆ, ಅಂದರೆ ಒಂದಕ್ಕೆ ಒಂದು ಪ್ರಮಾಣಕ್ಕೆ ಹೋಗುತ್ತದೆಯೇ ಎಂದು. ಹಳೆಯ 35 ಮಿ.ಮೀ. ಫಿಲಂನ ಚೌಕಟ್ಟು 24ಕ್ಕೆ 36 ಮಿ.ಮೀ.; ಇಂದಿನ 'ಫುಲ್ ಫ್ರೇಮ್' ಡಿಜಿಟಲ್ ಕ್ಯಾಮರಾಗಳದೂ ಅಷ್ಟೆ. 2011ರಿಂದ ಬಂದ ಒಂದು ರೂಪಾಯಿ ನಾಣ್ಯದ ಅಡ್ಡಳತೆ ಸುಮಾರು 22 ಮಿ.ಮೀ. ನಿಜ ಗಾತ್ರದಲ್ಲಿ ತೆಗೆದರೆ ನಾಣ್ಯ ಚೌಕಟ್ಟಿನ ಎತ್ತರವನ್ನು ಹೆಚ್ಚು ಕಡಿಮೆ ತುಂಬುತ್ತದೆ. ಝೂಮ್ ಲೆನ್ಸುಗಳ ಮೇಲೂ 'ಮ್ಯಾಕ್ರೋ' ಎಂದು ಅಚ್ಚು ಹಾಕುವ ರೂಢಿಯಿದೆ. ಅವುಗಳಲ್ಲಿ ಹಲವು ನಿಜ ಗಾತ್ರದ ಕಾಲುಭಾಗಕ್ಕೇ ನಿಂತುಬಿಡುತ್ತವೆ. ಹೆಸರು ನೋಡಿ ಮೋಸಹೋಗಬಾರದು.

ಎರಡನೆಯದು ನಾಭಿದೂರ. ನಿಜ ಗಾತ್ರದಲ್ಲಿ 50-60 ಮಿ.ಮೀ. ಲೆನ್ಸಿನ ಮೂತಿ ವಸ್ತುವಿನಿಂದ ಐದಾರು ಸೆಂ.ಮೀ. ದೂರಕ್ಕೆ ಬರುತ್ತದೆ. 100 ಮಿ.ಮೀ.ನದು ಸುಮಾರು ಹದಿನಾಲ್ಕು, 200 ಮಿ.ಮೀ.ನದು ಸುಮಾರು ಇಪ್ಪತ್ತೈದು ಸೆಂ.ಮೀ. ಅಂಚೆಚೀಟಿ, ಓಲೆಗರಿ, ಹಳೆಯ ಪತ್ರ - ಇವು ಓಡಿಹೋಗುವುದಿಲ್ಲ; ಕ್ಯಾಮರಾವನ್ನು ಕಂಬಕ್ಕೆ ಬಿಗಿದು ಮೇಲಿನಿಂದ ತೆಗೆಯಲು ಮೈಕ್ರೋಫಿಲಂನವರ ಗಿಡ್ಡ ಲೆನ್ಸೇ ಅನುಕೂಲ. ಚಿಟ್ಟೆ ಐದು ಸೆಂ.ಮೀ.ವರೆಗೆ ಯಾರನ್ನು ಬಿಟ್ಟುಕೊಂಡೀತು? ನಾಣ್ಯವೂ ಅಷ್ಟು ಹತ್ತಿರದಲ್ಲಿ ಲೆನ್ಸಿನದೇ ನೆರಳಿಗೆ ಸಿಕ್ಕಿ ಮಂಕಾಗುತ್ತದೆ. ಇವಕ್ಕೆ 90ರಿಂದ 105 ಮಿ.ಮೀ. ತಕ್ಕದ್ದು. ಒಂದೇ ಲೆನ್ಸ್ ಕೊಳ್ಳುವ ಶಕ್ತಿಯಿರುವವರಿಗೆ ಇದನ್ನೇ ಸೂಚಿಸುತ್ತೇನೆ. 200 ಭಾರ, ಬೆಲೆಯೂ ಭಾರ.

ಗಿಡ್ಡ ಲೆನ್ಸಿನಲ್ಲಿ ಹೆಚ್ಚು ಆಳ ಸ್ಪಷ್ಟವಾಗಿ ಬರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇಷ್ಟು ಹತ್ತಿರದಲ್ಲಿ ಅದು ನಿಜವಲ್ಲ. ವಸ್ತುವನ್ನು ಒಂದೇ ಪ್ರಮಾಣದಲ್ಲಿ ತೆಗೆದರೆ, ಯಾವ ಲೆನ್ಸಾದರೂ ಸ್ಪಷ್ಟತೆಯ ಆಳ ಹೆಚ್ಚು ಕಡಿಮೆ ಒಂದೇ: ನಿಜ ಗಾತ್ರದಲ್ಲಿ, ಎಫ್ 8ರಲ್ಲಿ, ಸುಮಾರು ಒಂದು ಮಿಲಿಮೀಟರ್! ಜೇನುನೊಣದ ಕಣ್ಣು ಬಂದರೆ ರೆಕ್ಕೆ ಬಾರದು. ಅಪರ್ಚರ್ ಕಿರಿದು ಮಾಡುತ್ತಾ ಹೋದರೆ ಆಳ ಹೆಚ್ಚುತ್ತದೆ, ಆದರೆ ಕಿರಿದಾದ ಕಿಂಡಿಯಲ್ಲಿ ಬೆಳಕೇ ಚೆದರಿ ಚಿತ್ರ ಮೊಂಡಾಗುತ್ತದೆ. ಹಲವು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಹೊಲಿಯುವ ವಿಧಾನ ಈಗ ಬಂದಿದೆ; ಕೂತಲ್ಲೇ ಕೂರುವ ವಸ್ತುವಿಗೆ ಅದು ಸರಿ.

ಇಷ್ಟು ಹಣ ಹಾಕಲಾರದವರು ಇರುವ ಲೆನ್ಸಿಗೂ ಕ್ಯಾಮರಾಕ್ಕೂ ನಡುವೆ ಟೊಳ್ಳು ಕೊಳವೆ ಸಿಕ್ಕಿಸಬಹುದು. ಅದಕ್ಕೆ ಎಕ್ಸ್‌ಟೆನ್ಷನ್ ಟ್ಯೂಬ್ ಎನ್ನುತ್ತಾರೆ. ಇಲ್ಲವೇ ಸಾಮಾನ್ಯ ಲೆನ್ಸನ್ನೇ ಉಂಗುರದ ಮೂಲಕ ತಲೆಕೆಳಗಾಗಿ ಜೋಡಿಸಬಹುದು. ಲೆನ್ಸಿನ ಮುಂಬದಿ ದೂರದ ದೃಶ್ಯಕ್ಕೂ ಹಿಂಬದಿ ಹತ್ತಿರದ ಫಿಲಂಗೂ ಹೊಂದುವಂತೆ ರೂಪುಗೊಂಡಿರುತ್ತದಷ್ಟೆ. ತಿರುಗಿಸಿದರೆ ಹತ್ತಿರಕ್ಕೆ ಹೊಂದುವ ಬದಿ ವಸ್ತುವಿನತ್ತ ಬರುತ್ತದೆ. ಹಳೆಯ ಕೈಫೋಕಸ್ ಮ್ಯಾಕ್ರೋ ಲೆನ್ಸುಗಳೂ ಉಪಾಯದ ದಾರಿಯೇ. ಅಷ್ಟು ಹತ್ತಿರದಲ್ಲಿ ಉಂಗುರ ತಿರುಗಿಸುವುದಕ್ಕಿಂತ ಕ್ಯಾಮರಾವನ್ನೇ ಹಿಂದೆ ಮುಂದೆ ಸರಿಸಿ ಫೋಕಸ್ ಮಾಡುವುದು ಹೆಚ್ಚು. ಆಟೋಫೋಕಸ್ ಇಲ್ಲದ್ದು ದೊಡ್ಡ ಕೊರತೆಯಲ್ಲ.

ಹಳೆಯದನ್ನು ಕೊಳ್ಳುವಾಗ ಅಪರ್ಚರಿನ ಎಲೆಗಳಿಗೆ ಎಣ್ಣೆ ಇಳಿದಿದೆಯೇ, ಗಾಜಿನಲ್ಲಿ ಬೂಷ್ಟು ಹಿಡಿದಿದೆಯೇ ನೋಡಬೇಕು. ಅಂಗಡಿಗೆ ಹೋಗುವಾಗ ಕನ್ನಡ ಪತ್ರಿಕೆಯ ಒಂದು ಹಾಳೆ ಒಯ್ಯಿರಿ. ಗೋಡೆಗೆ ಚಪ್ಪಟೆಯಾಗಿ ಅಂಟಿಸಿ, ನೇರ ಎದುರಿನಿಂದ ಒಂದು ಚಿತ್ರ ತೆಗೆದು, ಪರದೆಯ ಮೇಲೆ ಹಿಗ್ಗಿಸಿ, ನಾಲ್ಕೂ ಮೂಲೆಗಳಲ್ಲಿ 'ಧ'ಕಾರದ ಹೊಟ್ಟೆಯ ಸೀಳು ಕಾಣುತ್ತದೆಯೇ ನೋಡಿ. ಆಮೇಲೆ ಬೆಲೆ ಮಾತಾಡಿ.