ಹೃದಯೌಷಧದ ಮೂಲ: ವಧಾಗೃಹದಿಂದ ಗಿಡದ ಬೇರಿನವರೆಗೆ

ಶ್ರಾವಕನಿಗೆ ವಿಹಿತವಾದ ನಾಲ್ಕು ದಾನಗಳಲ್ಲಿ ಔಷಧದಾನವೂ ಒಂದು. ದಾನವು ನಿರ್ದೋಷವಾಗಬೇಕಾದರೆ ಔಷಧದ ಮೂಲವೂ ತಿಳಿದಿರಬೇಕು. ಪುಂಜಾಲಕಟ್ಟೆಯಂತಹ ಊರಿನಿಂದ ಹೃದಯ ಬಲಗುಂದಿದ ಹಿರಿಯರನ್ನು ಮಂಗಳೂರಿಗೆ ಕೊಂಡೊಯ್ದಾಗ, ಅಲ್ಲಿ ಕೊಡುವ ಚುಚ್ಚುಮದ್ದು ಪ್ರಾಣಿಜನ್ಯವಾಗಿರಬಹುದೇ ಎಂಬ ಶಂಕೆ ಜೈನ ಮನೆತನಗಳಲ್ಲಿ ಮೂಡುವುದು ಸಹಜ. ಈ ಶಂಕೆ ಇಂದಿನದಲ್ಲ.

ಒಂಬತ್ತನೆಯ ಶತಮಾನದಲ್ಲಿ ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ ವೈದ್ಯಗ್ರಂಥ 'ಕಲ್ಯಾಣಕಾರಕ'ವು ಮದ್ಯ, ಮಾಂಸ, ಮಧುಗಳನ್ನು ಚಿಕಿತ್ಸೆಯಿಂದ ದೂರವಿಟ್ಟಿತು. ರಾಷ್ಟ್ರಕೂಟ ಚಕ್ರವರ್ತಿ ನೃಪತುಂಗನ ಸಭೆಯಲ್ಲಿ ವೈದ್ಯರ, ವಿದ್ವಾಂಸರ ಸಮಕ್ಷಮ ಆಚಾರ್ಯರು ಮಾಂಸೌಷಧವನ್ನು ಖಂಡಿಸಿ ವಾದಿಸಿದರೆಂದು ಆ ಗ್ರಂಥದಿಂದಲೇ ತಿಳಿದುಬರುತ್ತದೆ. ಅದು 1940ರಲ್ಲಿ ಸೊಲ್ಲಾಪುರದಿಂದ ಮುದ್ರಿತವಾಯಿತು. ಅವರ ನಿಲುವನ್ನು ಆಧುನಿಕ ವೈದ್ಯದ ಒರೆಗಲ್ಲಿಗೆ ಹಚ್ಚಿ ನೋಡಲು ಅಡ್ರಿನಲಿನ್ ಎಂಬ ದ್ರವ್ಯದ ಚರಿತ್ರೆ ಯೋಗ್ಯವಾದುದು.

ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಎರಡು ಕಿರುಗ್ರಂಥಿಗಳಿವೆ. 1894ರಲ್ಲಿ ಲಂಡನ್ನಿನಲ್ಲಿ ಜಾರ್ಜ್ ಆಲಿವರ್ ಮತ್ತು ಎಡ್ವರ್ಡ್ ಶೇಫರ್ ಎಂಬ ವಿಜ್ಞಾನಿಗಳು ಆ ಗ್ರಂಥಿಯ ಸಾರವನ್ನು ಪ್ರಾಣಿಗಳ ರಕ್ತನಾಳಕ್ಕೆ ಸೇರಿಸಿದಾಗ ರಕ್ತದೊತ್ತಡವು ಥಟ್ಟನೆ ಏರಿತು. 1900ರ ಸುಮಾರಿಗೆ ಅಮೆರಿಕದಲ್ಲಿ ನೆಲೆಸಿದ್ದ ಜಪಾನಿನ ಜೋಕಿಚಿ ತಕಾಮಿನೆ ಮತ್ತು ಅವರ ಸಹಾಯಕ ಕೈಜೋ ಉಯೆನಾಕ ಅದರ ಶುದ್ಧ ಹರಳನ್ನು ಪಡೆದರು. ಹರಳಿನ ಮೂಲವಾದರೋ ವಧಾಗೃಹಗಳಿಂದ ತಂದ ಪಶುಗಳ ಗ್ರಂಥಿ. ಆ ಕಾಲದಲ್ಲಿ ಮಾಂಸವರ್ಜಿಯಾದ ರೋಗಿಯ ಮುಂದೆ ನಿಜವಾದ ಧರ್ಮಸಂಕಟವಿತ್ತು.

ಆ ಸಂಕಟ ಬಹುಕಾಲ ಉಳಿಯಲಿಲ್ಲ. 1904ರಲ್ಲಿ ಜರ್ಮನಿಯ ಹೋಕ್ಸ್ಟ್ ಕಾರ್ಖಾನೆಯ ಫ್ರೀಡ್ರಿಕ್ ಸ್ಟೋಲ್ಟ್ಸ್ ಅದೇ ದ್ರವ್ಯವನ್ನು ಗ್ರಂಥಿಯ ಹಂಗಿಲ್ಲದೆ ರಸಾಯನಶಾಲೆಯಲ್ಲಿ ಸಂಯೋಜಿಸಿದರು. ಇಂದು ಆಸ್ಪತ್ರೆಗಳಲ್ಲಿ ಬಳಸುವ ಅಡ್ರಿನಲಿನ್, ನಾರಡ್ರಿನಲಿನ್, ಡೊಬುಟಮಿನ್‌ಗಳು ಹೀಗೆ ಸಂಯೋಜಿತವಾದವು. ಇವುಗಳಿಗಾಗಿ ಪಶುವನ್ನು ಕೊಲ್ಲಬೇಕಾಗಿಲ್ಲ.

ಈ ದ್ರವ್ಯ ಹೃದಯಕ್ಕೆ ಬಲ ತುಂಬುವುದು ಹೇಗೆಂಬುದನ್ನು ಅರಿಯಲು ಮತ್ತೆ ಹಲವು ದಶಕಗಳು ಬೇಕಾದವು. 1948ರಲ್ಲಿ ಅಮೆರಿಕದ ರೇಮಂಡ್ ಆಲ್ಕ್ವಿಸ್ಟ್ ಇದರ ಕರೆಗೆ ಓಗೊಡುವ ಗ್ರಾಹಕಗಳು ಆಲ್ಫಾ, ಬೀಟಾ ಎಂದು ಎರಡು ಬಗೆ ಎಂದು ಪ್ರತಿಪಾದಿಸಿದರು. ಹೃದಯಸ್ನಾಯುವಿನಲ್ಲಿ ಪ್ರಧಾನವಾದುದು ಬೀಟಾ. ಅಡ್ರಿನಲಿನ್ ಅದಕ್ಕೆ ತಗುಲಿದೊಡನೆ ಜೀವಕೋಶದೊಳಗಿನ ಒಂದು ಕಿಣ್ವವು ಎಚ್ಚೆತ್ತು ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕವನ್ನು ಸೃಷ್ಟಿಸುತ್ತದೆ. ಈ ಸಂದೇಶವಾಹಕವನ್ನು ಕಂಡುಹಿಡಿದ ಅರ್ಲ್ ಸದರ್ಲ್ಯಾಂಡ್ ಅವರಿಗೆ 1971ರಲ್ಲಿ ನೊಬೆಲ್ ಪುರಸ್ಕಾರ ದೊರೆಯಿತು. ಅದರ ಆಣತಿಯಿಂದ ಕೋಶದೊಳಗೆ ಕ್ಯಾಲ್ಸಿಯಂ ಹೆಚ್ಚಾಗಿ ಹರಿದುಬಂದು ಸ್ನಾಯು ಬಲವಾಗಿ ಸಂಕುಚಿಸುತ್ತದೆ. ಬಡಿತ ಮುಗಿದೊಡನೆ ಅದೇ ಕ್ಯಾಲ್ಸಿಯಂ ತ್ವರಿತವಾಗಿ ತನ್ನ ಉಗ್ರಾಣಕ್ಕೆ ಮರಳುವುದರಿಂದ ಸ್ನಾಯು ಬೇಗನೆ ಸಡಿಲಗೊಂಡು ಮುಂದಿನ ಬಡಿತಕ್ಕೆ ರಕ್ತವನ್ನು ತುಂಬಿಕೊಳ್ಳುತ್ತದೆ. ಗ್ರಾಹಕಗಳ ರಚನೆಯನ್ನೂ ಕಾರ್ಯವನ್ನೂ ಬೆಳಕಿಗೆ ತಂದ ರಾಬರ್ಟ್ ಲೆಫ್ಕೋವಿಟ್ಸ್ ಮತ್ತು ಬ್ರಯಾನ್ ಕೋಬಿಲ್ಕ 2012ರಲ್ಲಿ ನೊಬೆಲ್ ಪಡೆದರು.

ಈ ಚರಿತ್ರೆಯಲ್ಲಿ ನಮ್ಮ ನಾಡಿನ ಪಾಲೂ ಇದೆ. ಕರ್ನಾಟಕದಲ್ಲಿ ಮಕಂದಿಬೇರು ಎಂದು ಕರೆಯುವ ಗಿಡವೊಂದುಂಟು. ಅದರ ದಪ್ಪ ಬೇರನ್ನು ಉಪ್ಪಿನಕಾಯಿಗೂ ಹಾಕುತ್ತಾರೆ. ಸ್ಟೋಲ್ಟ್ಸ್ ಕೆಲಸ ಮಾಡಿದ ಅದೇ ಹೋಕ್ಸ್ಟ್ ಸಂಸ್ಥೆಗೆ ಮುಂಬಯಿಯಲ್ಲಿದ್ದ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 1977ರಲ್ಲಿ ಈ ಬೇರಿನಿಂದ ಫೋರ್ಸ್ಕೋಲಿನ್ ಎಂಬ ಸತ್ತ್ವವನ್ನು ಪ್ರಕಟಪಡಿಸಿದರು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯೂ ಇದೇ ಗಿಡದ ಮೇಲೆ ದುಡಿದಿತ್ತು. ಇದು ಗ್ರಾಹಕವನ್ನು ಬಳಸಿಕೊಳ್ಳದೆ ನೇರವಾಗಿ ಒಳಗಿನ ಕಿಣ್ವವನ್ನೇ ಎಚ್ಚರಿಸುತ್ತದೆಂದು 1981ರಲ್ಲಿ ತಿಳಿದುಬಂತು. ಸೋತ ಹೃದಯದಲ್ಲಿ ಬೀಟಾ ಗ್ರಾಹಕಗಳೇ ಕ್ಷೀಣಿಸಿರುತ್ತವೆಂದು 1982ರಲ್ಲಿ ಸ್ಪಷ್ಟವಾದ ಮೇಲೆ ಈ ಅಡ್ಡದಾರಿಯ ಮಹತ್ತ್ವ ಹೆಚ್ಚಿತು. ಫೋರ್ಸ್ಕೋಲಿನ್ನಿಂದ ತಯಾರಿಸಿದ ಔಷಧವೊಂದಕ್ಕೆ ಜಪಾನ್ 1999ರಲ್ಲಿ ಅನುಮತಿ ನೀಡಿತು. ಹಾಗೆಂದು ಮನೆಯಲ್ಲಿ ಬೇರನ್ನು ಕುದಿಸಿ ಕುಡಿಯುವುದು ಹೃದ್ರೋಗಿಗೆ ಅಪಾಯಕರ.

ಕಂದಮೂಲವನ್ನು ವರ್ಜಿಸಿದವರು ಇಲ್ಲಿ ಮತ್ತೊಂದು ಪ್ರಶ್ನೆ ಎತ್ತಬಹುದು. ಬೇರು ಕಿತ್ತರೆ ಗಿಡಕ್ಕೂ ಹಿಂಸೆಯೇ. ಆದರೆ ಏಕೇಂದ್ರಿಯ ಜೀವದ ಹಿಂಸೆಗೂ ಪಂಚೇಂದ್ರಿಯ ಜೀವದ ವಧೆಗೂ ಇರುವ ತಾರತಮ್ಯವನ್ನು ನಮ್ಮ ಶಾಸ್ತ್ರಗಳೇ ಹೇಳಿವೆ.

ಲೆಕ್ಕದ ಪುಸ್ತಕದಲ್ಲಿ ಜಮೆಯನ್ನಷ್ಟೇ ಬರೆದು ಖರ್ಚನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಇಂದಿನ ಚುಚ್ಚುಮದ್ದು ನಿರ್ಮಾಂಸವಾದರೂ ಅದರ ಹಿಂದಿನ ಜ್ಞಾನಕ್ಕೆ ಅಸಂಖ್ಯ ಮೂಕಪ್ರಾಣಿಗಳು ತಮ್ಮ ಪ್ರಾಣವನ್ನು ತೆತ್ತಿವೆ. ಹೃದ್ರೋಗಿಗಳಿಗೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಇಂದಿಗೂ ಮುಖ್ಯವಾಗಿ ಹಂದಿಯ ಕರುಳಿನಿಂದಲೇ ಬರುತ್ತದೆ. ಎಂದಮೇಲೆ ಉಗ್ರಾದಿತ್ಯಾಚಾರ್ಯರ ಕಾರ್ಯ ಇನ್ನೂ ಪೂರ್ಣವಾಗಿಲ್ಲ.

ಗೃಹಸ್ಥನಿಗೆ ಸಂಕಲ್ಪೀ ಹಿಂಸೆ ಸರ್ವಥಾ ತ್ಯಾಜ್ಯ; ಉಳಿದವುಗಳಲ್ಲಿ ಯತ್ನಾಚಾರವೇ ಧರ್ಮ. ಪ್ರಾಣಾಪಾಯದ ಗಳಿಗೆಯಲ್ಲಿ ಮೂಲವನ್ನು ಪ್ರಶ್ನಿಸುತ್ತ ಚಿಕಿತ್ಸೆಯನ್ನು ತಡೆಯುವುದು ಅಹಿಂಸೆಯಾಗಲಾರದು. ಆ ರೋಗಿಯೂ ಒಂದು ಜೀವವೇ. ಪ್ರಶ್ನೆ ಕೇಳಬೇಕಾದುದು ಆರೋಗ್ಯವಿರುವ ದಿನಗಳಲ್ಲಿ. ಔಷಧದಾನಕ್ಕೆ ನಿಧಿ ತೆಗೆದಿಡುವ ಬಸದಿಗಳ ಆಡಳಿತ ಮಂಡಳಿಗಳು ಯಾವ ಔಷಧಕ್ಕೆ ನಿರ್ಮಾಂಸವಾದ ಪರ್ಯಾಯವಿದೆಯೆಂದು ವೈದ್ಯರಿಂದ ತಿಳಿದು ಪಟ್ಟಿ ಮಾಡಿಡಲಿ. ವಧಾಗೃಹದಲ್ಲಿ ಆರಂಭವಾದ ಅಡ್ರಿನಲಿನ್ ಕೆಲವೇ ವರ್ಷಗಳಲ್ಲಿ ಅದರಿಂದ ಬಿಡುಗಡೆ ಹೊಂದಿತು. ಮಿಕ್ಕ ಔಷಧಗಳಿಗೂ ಅಂತಹ ಬಿಡುಗಡೆಯನ್ನು ಅಪೇಕ್ಷಿಸುವುದು, ಅಂತಹ ಸಂಶೋಧನೆಗೆ ನೆರವಾಗುವುದು ಸಹ ಔಷಧದಾನವೇ.